ನೀರು ಹಾಕಿದ್ರೆ ಓಡುತ್ತಂತೆ ಕಣ್ರೀ!

ಫೋನ್ ಕೈಯಲ್ಲೇ ಇದೆ ತಾನೇ? ವಾಟ್ಸಾಪ್ ತೆಗೆದು ಸ್ವಲ್ಪ ಹಿಂದಕ್ಕೆ ಹೋಗಿ. ಇನ್ನೂ ಹಿಂದಕ್ಕೆ. ಗುಡ್ ಮಾರ್ನಿಂಗ್ ಗುಲಾಬಿ, ಮಂಡಿನೋವಿಗೆ ಮೆಂತ್ಯ, ಯಾರದೋ ಗೃಹಪ್ರವೇಶ... ಹಾಂ, ಅಲ್ಲೇ ನಿಲ್ಲಿ. ಒಬ್ಬ ಪುಣ್ಯಾತ್ಮ ಬಾಟ್ಲಿ ನೀರನ್ನ ಬೈಕಿಗೆ ಸುರಿದು, ಕಿಕ್ ಹೊಡೆದು, ಹೆಬ್ಬೆರಳು ಎತ್ತಿ ತೋರಿಸ್ತಾನಲ್ಲ, ಆ ವಿಡಿಯೋ. ಅದಕ್ಕೆ ನಕ್ಷತ್ರದ ಗುರುತು ಹಾಕಿ ಇಟ್ಕೊಂಡಿದೀರಲ್ಲ, ಯಾಕೆ ಸ್ವಾಮಿ?

"ಸುಮ್ನೆ, ತಮಾಷೆಗೆ" ಅಂತೀರ. ಆಯ್ತು, ನಂಬಿದೆ. ಆದ್ರೆ ತಮಾಷೆಗೆ ಇಟ್ಕೊಂಡಿದ್ದನ್ನ ಹನ್ನೊಂದು ಜನಕ್ಕೆ ಕಳಿಸಿ, ಕೊನೇಲಿ "ಇದು ನಿಜಾನಾ ಸಾರ್?" ಅಂತ ಮಗಳ ಫಿಸಿಕ್ಸ್ ಮೇಷ್ಟ್ರಿಗೂ ಒಂದು ತಳ್ಳಿದ್ರಿ. ಮೇಷ್ಟ್ರು ನೀಲಿ ಟಿಕ್ ಕೊಟ್ಟು ಸುಮ್ಮನಾದ್ರು. (ಅವರು ಸುಮ್ಮನಾಗಿದ್ದೂ ನಿಮಗೆ ಅನುಮಾನವೇ. ಇವರಿಗೇನೋ ಗೊತ್ತಿದೆ, ಬಾಯಿ ಬಿಡ್ತಿಲ್ಲ!)

ನಾಚ್ಕೋಬೇಡಿ, ಇಲ್ಲಿ ನಾವಿಬ್ಬರೇ ಇರೋದು. ಪೆಟ್ರೋಲ್ ಲೀಟರಿಗೆ ನೂರು ದಾಟಿದ ಮೇಲೆ ಗಾಡಿ ಇರೋರೆಲ್ಲ ನಲ್ಲಿ ನೀರನ್ನ ಒಂಥರಾ ನೋಡೋಕೆ ಶುರು ಮಾಡಿದಾರೆ. ಕೊಡ ತುಂಬಿ ಹರಿದು ಮೋರಿಗೆ ಹೋಗ್ತಿರುತ್ತೆ. ನಿಮಗೆ ಮಾತ್ರ ಅದರೊಳಗೆ ಏನೋ ಬುಸುಗುಡ್ತಾ ಇರೋ ಹಾಗೆ ಕೇಳಿಸುತ್ತೆ. ಕೇಳಿಸಿಲ್ಲ ಅಂತ ನಿಮ್ಮ ಗಾಡಿ ಮೇಲೆ ಆಣೆ ಇಡಿ ನೋಡೋಣ.

ಇಡಲ್ಲ. ನೀವು ಎಂಥವರು ಅಂತ ನನಗೆ ಗೊತ್ತಿಲ್ವಾ? ಬಂಕಿನಲ್ಲಿ "ಝೀರೋ ನೋಡ್ಕಳಿ ಸಾರ್" ಅಂದಾಗ ಕತ್ತು ಒಂದು ಗೇಣು ಉದ್ದ ಮಾಡೋರು. ಹಾಕಿದ ಮೇಲೆ ಪೈಪನ್ನ ಒದರಿಸಿ ಕೊನೇ ಹನಿ ಬೀಳಿಸಿಕೊಳ್ಳೋರು. ರಿಸರ್ವ್ ಬಂದ್ರೆ ಬೈಕನ್ನ ಅತ್ತಿತ್ತ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿ ಕೊಟ್ಟು, "ಇನ್ನೂ ಹತ್ತು ಕಿಲೋಮೀಟರ್ ಬರುತ್ತೆ" ಅಂತ ಡಾಕ್ಟರ್ ಥರ ಹೇಳೋರು.

ಫ್ಲೈಓವರ್ ಇಳಿಯುವಾಗ ಇಂಜಿನ್ ಆಫ್ ಮಾಡ್ತೀರಲ್ಲ, ಅದನ್ನಂತೂ ನಾನು ಯಾರಿಗೂ ಹೇಳಲ್ಲ ಬಿಡಿ. (ಕಾರಿನಲ್ಲಿ ಮಾತ್ರ ಬೇಡ. ಬ್ರೇಕು, ಸ್ಟೇರಿಂಗು ಎರಡೂ ಬಿಗಿಯಾಗುತ್ತೆ. ಉಳಿಸಿದ ನಾಲ್ಕು ರೂಪಾಯಿ ಬಂಪರಿಗೆ ಸಾಲಲ್ಲ.)

ಇಂಥ ನಿಮಗೆ "ನೀರಿನಿಂದ ಇಂಧನ" ಅಂದ್ರೆ ಕಿವಿ ನೆಟ್ಟಗಾಗದೆ ಇರುತ್ತಾ? ಅದರಲ್ಲೂ ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ರೆ ಎಂದೋ ಬಿಟ್ಟಾಕ್ತಿದ್ರಿ. ನೀರಿನೊಳಗೆ ಜಲಜನಕ ಇರೋದು ನಿಜ. ಅದು ಉರಿಯೋದೂ ನಿಜ. ನಡುವೆ ಒಂದೇ ಒಂದು ಸಣ್ಣ ವಿಷಯ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಈ ಹುಚ್ಚು ಎಲ್ಲಿ ಅಂಟಿದ್ದು ಹೇಳ್ಲಾ? ಹೈಸ್ಕೂಲಲ್ಲಿ. ಮೇಷ್ಟ್ರು ಪ್ರನಾಳಕ್ಕೆ ಸತುವಿನ ಚೂರು ಹಾಕಿ, ಆಸಿಡ್ ಬಿಟ್ಟು, ಬಾಯಿಗೆ ಬೆಂಕಿಕಡ್ಡಿ ಹಿಡಿದ್ರು. "ಪಾಪ್ ಎಂಬ ಶಬ್ದದೊಂದಿಗೆ ಉರಿಯುತ್ತದೆ" ಅಂತ ಬರೆಸಿದ್ರು. ಎರಡು ಮಾರ್ಕ್ಸ್. ಆ ಪಾಪ್ ಕೇಳಿಸಿದ್ದು ಮುಂದಿನ ಬೆಂಚಿನವರಿಗೆ ಮಾತ್ರ. ಹಿಂದಿನ ಬೆಂಚಿನ ನಾವು, ನೀವು, ಇವತ್ತಿಗೂ ಅದನ್ನ ಹುಡುಕ್ತಾ ಇದೀವಿ.

ಜಲಜನಕ ಅನ್ನೋ ಹೆಸರನ್ನೇ ನೋಡಿ, ಎಷ್ಟು ಚೆನ್ನಾಗಿದೆ. ಜನಕ ಅಂದ್ರೆ ಅಪ್ಪ. ನೀರಿಗೆ ಅಪ್ಪ. ಫ್ರಾನ್ಸಿನ ಲವಾಸಿಯೇ 1780ರ ದಶಕದಲ್ಲಿ ಹೈಡ್ರೋಜನ್ ಅಂತ ಹೆಸರಿಟ್ಟಾಗಲೂ ಅರ್ಥ ಇದೇ, ನೀರನ್ನ ಹುಟ್ಟಿಸೋದು ಅಂತ. ನಾವು ನೀವು ಮಾಡೋಕೆ ಹೊರಟಿರೋದು ಉಲ್ಟಾ ಕೆಲಸ. ಮಗುವನ್ನ ಹಿಡಿದು ಅಲ್ಲಾಡಿಸಿ, "ನಿಮ್ಮಪ್ಪನ್ನ ಕರಿ" ಅಂತ!

ನಾನೂ ಅಲ್ಲಾಡಿಸಿದೀನಿ. ಕದ್ದು ಹೇಳ್ತಿದೀನಿ, ಮನೇಲಿ ಇನ್ನೂ ಪೂರ್ತಿ ಕ್ಷಮೆ ಸಿಕ್ಕಿಲ್ಲ. ಒಂದು ಭಾನುವಾರ, ಮನೆಯವರು ಮದುವೆಗೆ ಹೋಗಿದ್ರು. ಹಳೇ ಮೊಬೈಲ್ ಚಾರ್ಜರ್ ಒಂದಿತ್ತು, ಐದು ವೋಲ್ಟಿಂದು. ಪಿನ್ನು ಕತ್ತರಿಸಿ, ಎರಡು ವೈರಿನ ಸಿಪ್ಪೆ ಸುಲಿದು, ಎರಡು ಸ್ಟೀಲ್ ಚಮಚಕ್ಕೆ ಸುತ್ತಿದೆ. ಒಂದು ಗಾಜಿನ ಲೋಟ ನೀರು. ಅಷ್ಟೇ ನನ್ನ ಲ್ಯಾಬು.

ನೀರಿಗೆ ಉಪ್ಪು ಹಾಕಿದ್ರೆ ಕರೆಂಟು ಚೆನ್ನಾಗಿ ಹರಿಯುತ್ತೆ ಅಂತ ಎಲ್ಲೋ ಓದಿದ್ದೆ. ಆದ್ರೆ ನಮ್ಮದು ಬೋರ್‌ವೆಲ್ ನೀರು. ಉಪ್ಪು ಹಾಕೋ ಮುಂಚೆಯೇ ಗುಳ್ಳೆ ಬರೋಕೆ ಶುರು! (ಸೋಲಾರ್ ಪೈಪ್ ಕಟ್ಟಿಕೊಂಡಾಗೆಲ್ಲ ಬೈತಿದ್ದೆನಲ್ಲ ಆ ನೀರನ್ನ, ಅವತ್ತು ಮೊದಲ ಸಲ ಅದರ ಬಗ್ಗೆ ಹೆಮ್ಮೆ ಅನ್ನಿಸ್ತು.) ಆದ್ರೂ ಆಸೆ ಬಿಡುತ್ತಾ? ಒಂದು ಚಮಚ ಉಪ್ಪು ಹಾಕೇಬಿಟ್ಟೆ.

ಮೈನಸ್ ಕಡೆ ಚಮಚದಿಂದ ಸಣ್ಣ ಸಣ್ಣ ಗುಳ್ಳೆ, ಸೋಡಾ ಬಾಟ್ಲಿ ಒಡೆದ ಹಾಗೆ. ಅದೇ ಜಲಜನಕ. ಪ್ಲಸ್ ಕಡೆ ಆಮ್ಲಜನಕ ಬರಬೇಕಿತ್ತು. ಬಂದಿದ್ದು ಬ್ಲೀಚಿಂಗ್ ಪೌಡರ್ ವಾಸನೆ. ಉಪ್ಪಿನಲ್ಲಿರೋ ಕ್ಲೋರಿನ್ ಎದ್ದು ಬರ್ತಿತ್ತು! ಓಡಿಹೋಗಿ ಕಿಟಕಿ ತೆಗೆದೆ. ಬಂದು ನೋಡಿದ್ರೆ ಲೋಟದ ನೀರು ಹುಣಸೆ ರಸದ ಬಣ್ಣಕ್ಕೆ ತಿರುಗಿದೆ. ಏನಪ್ಪಾ ಇದು ಅಂದ್ರೆ, ಪ್ಲಸ್ ಕಡೆಯ ಚಮಚ ಕರಗ್ತಾ ಇದೆ.

ಚಮಚ ಹೋದ್ರೆ ಹೋಗ್ಲಿ, ಪಾಪ್ ಆಗ್ಬೇಕಲ್ಲ? ಲೋಟಕ್ಕೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಬಿಟ್ಟೆ. ಮೈನಸ್ ಕಡೆ ನೊರೆ ಗುಡ್ಡೆ ಆಯ್ತು. ಚಾರ್ಜರ್ ಕಿತ್ತು, ಕೈ ಉದ್ದ ಮಾಡಿ, ಮುಖ ಹಿಂದಕ್ಕೆ ಮಾಡಿ, ಕಡ್ಡಿ ಗೀರಿ ಮುಟ್ಟಿಸಿದೆ. ಟಪ್! ನಲವತ್ತು ವರ್ಷದ ಮೇಲೆ, ಕೊನೇ ಬೆಂಚಿಗೆ ಕೇಳಿಸ್ತು ಸ್ವಾಮಿ.

ಆ ಖುಷಿಯಲ್ಲಿ ಚಮಚ ಬಚ್ಚಿಡೋದೇ ಮರೆತೆ. ಸಂಜೆ ಮನೆಯವರು ಬಂದು ಅಡುಗೆಮನೆ ದೀಪ ಹಾಕಿದ್ರು. "ಏನ್ರೀ ಇದು? ನಮ್ಮಮ್ಮ ಕೊಟ್ಟ ಸೆಟ್ಟಿಂದು!" ಚಮಚದ ಒಂದು ಕಡೆ ಅಂಚು ಇಲಿ ಕಡಿದ ಹಾಗಿತ್ತು. ನಾನು "ಭವಿಷ್ಯದ ಇಂಧನ" ಅಂತ ಏನೋ ಹೇಳೋಕೆ ಹೋದೆ. "ಮೊದಲು ಈಗಿನ ಸಿಲಿಂಡರ್ ಬುಕ್ ಮಾಡಿ" ಅಂದ್ರು.

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಪುಣ್ಯವಂತ. 1766ರಲ್ಲೇ ಲೋಹಕ್ಕೆ ಆಸಿಡ್ ಹಾಕಿ ಬರೋ ಈ ಗಾಳಿ ಬೇರೇನೇ, ಇದು ಹತ್ತಿಕೊಳ್ಳೋ ಗಾಳಿ ಅಂತ ಅಳೆದು, ತೂಗಿ, ಬರೆದಿಟ್ಟ. ಮದುವೆ ಆಗಿರ್ಲಿಲ್ಲ. ಎಷ್ಟು ಸಂಕೋಚದ ಮನುಷ್ಯ ಅಂದ್ರೆ, ಮನೆಗೆಲಸದ ಹೆಂಗಸರ ಹತ್ತಿರವೂ ಮಾತಾಡದೆ, ಊಟಕ್ಕೆ ಏನು ಬೇಕು ಅಂತ ಚೀಟಿ ಬರೆದು ಇಡ್ತಿದ್ನಂತೆ. ನಮ್ಮಂಥವರಿಗೆ ಚೀಟಿ ಎಲ್ಲಿ ಬರುತ್ತೆ, ನೇರ ಮಂಗಳಾರತಿ.

ಸರಿ, ಲೆಕ್ಕಕ್ಕೆ ಬನ್ನಿ. (ಓಡಬೇಡಿ, ಬಂಕಿನಲ್ಲಿ ಪೈಸೆ ಲೆಕ್ಕ ಹಾಕೋರು ನೀವು.) ನನ್ನ ಚಾರ್ಜರ್ ಒಂದು ಆಂಪಿಯರ್ ಕೊಡುತ್ತೆ. ಒಂದು ಗಂಟೆ ಬಿಟ್ರೆ ಅರ್ಧ ಲೀಟರಿಗೂ ಕಮ್ಮಿ ಜಲಜನಕ ಬರುತ್ತೆ. ಅರ್ಧ ಲೀಟರ್ ಅಂದ ತಕ್ಷಣ ಕಣ್ಣು ಅರಳಿಸಬೇಡಿ, ಅದು ಗಾಳಿ. ತೂಕ ಒಂದು ಗ್ರಾಮಿನ ಇಪ್ಪತ್ತೈದನೇ ಒಂದು ಭಾಗ ಇರಬಹುದು.

ನಿಮ್ಮ ಸ್ಕೂಟರ್ ಲೀಟರಿಗೆ 45 ಕೊಡುತ್ತೆ ಅಂತ ಇಟ್ಕೊಳ್ಳೋಣ. (ನೀವು ಎಲ್ಲರಿಗೂ 55 ಅಂತ ಹೇಳ್ತೀರ, ಅದು ನನಗೂ ಗೊತ್ತು, ಎಲ್ಲರಿಗೂ ಗೊತ್ತು.) ಒಂದು ಕಿಲೋಮೀಟರ್ ಓಡೋಕೆ ಬೇಕಾದಷ್ಟು ಜಲಜನಕ ಸೇರಿಸೋಕೆ ಈ ಚಾರ್ಜರನ್ನ ಹಗಲೂ ರಾತ್ರಿ ಸುಮಾರು ಒಂದು ವಾರ ಉರಿಸಬೇಕು. ಅಷ್ಟು ಹೊತ್ತಿಗೆ ಬೆಂಗಳೂರಿನಿಂದ ತಿರುಪತಿಗೆ ನಡೆದೇ ಹೋಗಿ ಮುಡಿ ಕೊಟ್ಟು ಬರಬಹುದು.

"ದೊಡ್ಡ ಚಾರ್ಜರ್ ಹಾಕಿದ್ರೆ?" ಅಂದ್ರಿ. ಗೊತ್ತಿತ್ತು ಅಂತೀರಿ ಅಂತ. ಹಾಕಿ. ಒಂದು ಕೆಜಿ ಜಲಜನಕಕ್ಕೆ ನೀರು ಒಂಬತ್ತು ಲೀಟರ್ ಸಾಕು, ಅರ್ಧ ಬಕೆಟ್ಟು. ಕರೆಂಟು ಮಾತ್ರ ದೊಡ್ಡ ಕಾರ್ಖಾನೆ ಮಿಷನ್ನಿಗೇ 50 ಯೂನಿಟ್ಟಿನ ಮೇಲೆ ಬೇಕು. ಆ ಒಂದು ಕೆಜಿಯನ್ನ ಉರಿಸಿದ್ರೆ ವಾಪಸ್ ಬರೋದು 33 ಯೂನಿಟ್ಟು. ಅದನ್ನ ಇಂಜಿನ್ನಿಗೆ ಕೊಟ್ರೆ ಅದು ತನ್ನ ಪಾಲು ತಿಂದು ಚಕ್ರಕ್ಕೆ ಚೂರು ಕೊಡುತ್ತೆ. ನೀರಿಗೆ ದುಡ್ಡು ಕೊಡಬೇಕಿಲ್ಲ, ಸರಿ. ಬಿಲ್ಲು ಬರೋದು ನೀರಿನ ಬೋರ್ಡಿನಿಂದ ಅಲ್ಲ, ಕರೆಂಟಿನ ಕಂಪನಿಯಿಂದ.

ಆಗಲೇ ಹೇಳಿದ್ನಲ್ಲ, ಸಣ್ಣ ವಿಷಯ ಒಂದಿದೆ ಅಂತ? ಇದೇ ಅದು. ನೀರು ಅಂದ್ರೆ ಜಲಜನಕ ಉರಿದು ಉಳಿದ ಬೂದಿ. ಹಂಡೆ ಒಲೆ ಬಳಿದು ತೆಗೀತಿದ್ರಲ್ಲ ಅಜ್ಜಿ, ಆ ಬೂದಿ. ಅದರಲ್ಲಿ ಪಾತ್ರೆ ಬೆಳಗಬಹುದು, ಗಿಡಕ್ಕೆ ಹಾಕಬಹುದು. ನೀವು ಅದಕ್ಕೇ ಊದುಕೊಳವೆ ಇಟ್ಟು ಊದ್ತಾ, "ಇನ್ನೊಂದು ಹಂಡೆ ಕಾಯುತ್ತೆ ಅಜ್ಜಿ, ನೋಡ್ತಿರು" ಅಂತಿದೀರ. ಮೊದಲು ಬೂದಿಯನ್ನ ಮತ್ತೆ ಸೌದೆ ಮಾಡಬೇಕಲ್ಲ?

ಈಗ ನಿಮ್ಮ ಮುಖ ಸ್ವಲ್ಪ ಬಾಡಿತು. ಇರಿ ಇರಿ, ಇನ್ನೊಂದು ದಾರಿ ಇದೆ. ಕರೆಂಟೇ ಬೇಡ. ಪ್ಲಗ್ಗೂ ಇಲ್ಲ, ಬಿಲ್ಲೂ ಇಲ್ಲ. ನೀರಿಗೆ ಲೋಹ ಹಾಕಿ ಜಲಜನಕ ತೆಗೆಯೋ ಉಸ್ತಾದನನ್ನ ನೀವು ಚಿಕ್ಕವರಿದ್ದಾಗಲೇ ನೋಡಿದೀರಿ. ನೆನಪಿಗೆ ಬರ್ತಿಲ್ವಾ? ತೇರಿನ ದಿನ, ಬತ್ತಾಸು ಅಂಗಡಿ ಪಕ್ಕ?

ಗ್ಯಾಸ್ ಬಲೂನಿನವನು! ನಮ್ಮೂರ ತೇರಿಗೆ ಒಬ್ಬ ಬರ್ತಿದ್ದ. ಸೊಂಟದೆತ್ತರದ ಕಬ್ಬಿಣದ ಸಿಲಿಂಡರು, ಬಣ್ಣ ಹೋಗಿ ಕಪ್ಪಾಗಿದ್ದದ್ದು. ಅದರ ಮೈಗೆ ಒದ್ದೆ ಗೋಣಿಚೀಲ ಸುತ್ತಿರ್ತಿದ್ದ. ಪಕ್ಕದಲ್ಲಿ ಎರಡು ಡಬ್ಬ. ಒಂದರಲ್ಲಿ ಬೆಳ್ಳಗಿನ ಕಾಸ್ಟಿಕ್ ಸೋಡಾ, ಇನ್ನೊಂದರಲ್ಲಿ ಗುಜರಿ ಅಂಗಡಿಯಿಂದ ತಂದ ಅಲ್ಯೂಮಿನಿಯಂ ಚೂರು. ತುಂಡು ವೈರು, ತಗಡು, ಯಾರದೋ ಮನೆಯ ನೆಗ್ಗಿದ ಲೋಟ.

ಎಲ್ಲಾ ಒಳಗೆ ಹಾಕಿ, ನೀರು ಬಿಟ್ಟು, ಮುಚ್ಚಳ ಬಿಗಿದು, "ಏಯ್ ಹುಡುಗ್ರಾ, ದೂರ ನಿಂತ್ಕಳ್ರೋ" ಅಂತ ಗದರಿಸ್ತಿದ್ದ. ನಾವು ಒಂದು ಹೆಜ್ಜೆ ಹಿಂದೆ ಹೋಗಿ, ಎರಡು ಹೆಜ್ಜೆ ಮುಂದೆ ಬರ್ತಿದ್ವಿ. ಒಳಗೆ ಗೊಳಗೊಳ ಅಂತ ಸದ್ದು. ಗೋಣಿಚೀಲದಿಂದ ಹಬೆ. ಅವನು ಚೊಂಬಿನಲ್ಲಿ ನೀರು ಸುರೀತಾ, ಬೀಡಿಯನ್ನ ಮಾತ್ರ ಹತ್ತಿಸದೇ ಬಾಯಲ್ಲಿ ಕಚ್ಚಿಕೊಂಡಿರ್ತಿದ್ದ. ಆ ಮನುಷ್ಯನಿಗೆ ಯಾವ ಮೇಷ್ಟ್ರೂ ಬೇಕಿರ್ಲಿಲ್ಲ.

ಒಳಗೆ ಆಗ್ತಿದ್ದದ್ದು ಇಷ್ಟೇ. ಅಲ್ಯೂಮಿನಿಯಂಗೆ ಆಮ್ಲಜನಕ ಅಂದ್ರೆ ಪ್ರಾಣ. ನೀರಿನಿಂದಲೇ ಕಿತ್ಕೊಂಡು ಜಲಜನಕವನ್ನ ಹೊರಗೆ ಹಾಕುತ್ತೆ. ಹಾಗಾದ್ರೆ ನಿಮ್ಮನೆ ಇಡ್ಲಿ ಪಾತ್ರೆ ಯಾಕೆ ಬಲೂನು ಊದಲ್ಲ? ಅದರ ಮೈಮೇಲೆ ತೆಳ್ಳಗೆ ಒಂದು ಪೊರೆ ಇರುತ್ತೆ, ಅಲ್ಯೂಮಿನಿಯಂ ಆಕ್ಸೈಡಿಂದು. ಕಾಸ್ಟಿಕ್ ಸೋಡಾ ಆ ಪೊರೆ ಸುಲಿಯುತ್ತೆ. (ಅಲ್ಯೂಮಿನಿಯಂ ಪಾತ್ರೇಲಿ ಸೋಡಾಪುಡಿ ಹಾಕಿ ಕಾಯಿಸಿದ್ರೆ ಕಪ್ಪಾಗುತ್ತೆ ಅಂತ ಅಮ್ಮ ಬೈತಿದ್ರಲ್ಲ, ಅದೂ ಇದೇ ಜಾತಿಯ ತಕರಾರು.)

ಆ ಸುಲಿಯೋ ಕೆಲಸಕ್ಕೆ ಕಾಸ್ಟಿಕ್ ಸೋಡಾನೇ ಆಗ್ಬೇಕು ಅಂತೇನಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಜೆರ್ರಿ ವುಡಾಲ್ ಗ್ಯಾಲಿಯಂ ಬೆರೆಸಿ ನೋಡಿದ್ರು. ಗ್ಯಾಲಿಯಂ ಅಂದ್ರೆ ಅಂಗೈಯಲ್ಲಿಟ್ರೆ ಬೆಣ್ಣೆ ಹಾಗೆ ಕರಗೋ ಲೋಹ. ಪೊರೆ ಕಟ್ಟೋಕೇ ಬಿಡಲ್ಲ, ಬರೀ ನೀರು ಬಿಟ್ರೂ ಜಲಜನಕ ಬರುತ್ತೆ. 2007ರಲ್ಲಿ ಅದು ದೊಡ್ಡ ಸುದ್ದಿ. ಗ್ಯಾಲಿಯಂ ರೇಟು ಕೇಳಿದ್ರೆ ಮಾತ್ರ ನೀವೂ ಅಂಗೈಯಲ್ಲಿ ಕರಗಿಹೋಗ್ತೀರ.

ನಮ್ಮೂರ ಬಲೂನಿನವನ ಮುತ್ತಾತ ಯಾರು ಗೊತ್ತಾ? ಪ್ಯಾರಿಸ್ಸಿನ ಜಾಕ್ ಶಾರ್ಲ್. 1783ರ ಆಗಸ್ಟ್ 27ರಂದು ಮೊದಲ ಜಲಜನಕದ ಬಲೂನು ಹಾರಿಸಿದವನು. ಅವನದು ಕಬ್ಬಿಣದ ಚೂರು ಮತ್ತು ಗಂಧಕಾಮ್ಲ. ತುಂಬಿಸೋಕೇ ದಿನಗಟ್ಟಲೆ ಹಿಡೀತು. ನೋಡೋಕೆ ಜನಸಾಗರ, ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕೂಡ ಇದ್ದ. ಬಲೂನು ಹಾರಿ ಹೋಗಿ ಗೊನೆಸ್ ಅನ್ನೋ ಹಳ್ಳೀಲಿ ಬಿತ್ತು. ಹಳ್ಳಿಯವರು ಯಾವುದೋ ಭೂತ ಬಿತ್ತು ಅಂತ ಕವೆಗೋಲು ತಗೊಂಡು ಚುಚ್ಚಿ ಚಿಂದಿ ಮಾಡಿದ್ರು!

ನಗಬೇಡಿ. ನಿಮ್ಮ ಟೆರೇಸ್ ಮೇಲೆ ಬುಸ್ ಅಂತ ಒಂದು ಗೋಣಿ ಬಿದ್ದಿದ್ರೆ ನೀವು ಮೊದಲು ವಿಡಿಯೋ ಮಾಡಿ, ಆಮೇಲೆ ಓಡ್ತಿದ್ರಿ.

ಲವಾಸಿಯೇದು ಇನ್ನೂ ರಾಜಠೀವಿ. ಕೆಂಪಗೆ ಕಾದ ಬಂದೂಕಿನ ನಳಿಕೆಯೊಳಗೆ ನೀರು ಬಿಟ್ಟ. ಕಬ್ಬಿಣ ಆಮ್ಲಜನಕ ಹಿಡ್ಕೊಳ್ತು, ಆ ತುದಿಯಿಂದ ಜಲಜನಕ ಬಂತು. ನೀರು ಮೂಲಧಾತು ಅಲ್ಲ, ಎರಡರ ಕೂಟ ಅಂತ ಲೋಕಕ್ಕೆ ತೋರಿಸಿದ. 1794ರಲ್ಲಿ ಕ್ರಾಂತಿಯವರು ಅವನ ತಲೆ ತೆಗೆದ್ರು. (ಈಗ ತಾನೇ "ನೋಡಿದ್ರಾ, ನೀರಿನ ಗುಟ್ಟು ಹೇಳಿದ್ದಕ್ಕೆ!" ಅಂದ್ಕೊಂಡ್ರಲ್ಲ? ಅಲ್ಲಾ ಸ್ವಾಮಿ, ಅವನು ತೆರಿಗೆ ವಸೂಲಿ ಕಂಪನಿಯಲ್ಲಿ ಪಾಲುದಾರ ಆಗಿದ್ದ.)

ಸರಿ, ಬಲೂನಿನವನ ಫಾರ್ಮುಲಾದಲ್ಲಿ ಗಾಡಿ ಓಡಿಸೋಣ. ಒಂದು ಕೆಜಿ ಅಲ್ಯೂಮಿನಿಯಂ ಪೂರ್ತಿ ಕರಗಿದ್ರೆ 111 ಗ್ರಾಂ ಜಲಜನಕ. ಅಂದ್ರೆ ಸುಮಾರು ನೂರು ಬಲೂನು, ಇಡೀ ಬೀದಿಯ ಮಕ್ಕಳಿಗೆ ಹಂಚಬಹುದು. ಶಕ್ತಿ ಲೆಕ್ಕದಲ್ಲಿ 3.7 ಯೂನಿಟ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಇರೋದು ಸುಮಾರು 9. ಸೋ, ಒಂದು ಲೀಟರ್ ಪೆಟ್ರೋಲಿನ ಬದಲಿಗೆ ಎರಡೂವರೆ ಕೆಜಿ ಹತ್ತಿರ ಅಲ್ಯೂಮಿನಿಯಂ.

ಸೋಮವಾರ ಆಫೀಸಿಗೆ ಹೋಗಿ ಬರೋಕೆ ಇಡ್ಲಿ ಪಾತ್ರೆ. ಮಂಗಳವಾರ ಕುಕ್ಕರು. ಬುಧವಾರ ಅಟ್ಟದ ಮೇಲಿನ ಡಬರಿ. ಗುರುವಾರ ಅತ್ತೆ ಮನೆಗೆ ಹೋಗ್ತೀರ ಅಂತಿಟ್ಕೊಳ್ಳಿ, ಹೋಗೋಕೆ ನಿಮ್ಮ ಪಾತ್ರೆ, ಬರೋಕೆ ಅವರದು. ಶನಿವಾರದ ಹೊತ್ತಿಗೆ ಕಿಟಕಿ ಚೌಕಟ್ಟು ಬಿಚ್ಚಬೇಕಾಗುತ್ತೆ.

"ಗುಜರೀಲಿ ತಗೊಂಡ್ರೆ ಅಗ್ಗ ಅಲ್ವಾ?" ಬಂತು ನೋಡಿ ಮಾತು! ಗುಜರಿಯವನ ಹತ್ತಿರ ಹಳೇ ಪೇಪರಿಗೆ ಎಂಟಾಣೆಗೆ ಜಗಳ ಆಡೋರು ನೀವು. ಅವನಿಗೆ ಗೊತ್ತಿದೆ ಅಲ್ಯೂಮಿನಿಯಂ ಬೆಲೆ. ಯಾಕೆ ಅಷ್ಟು ಬೆಲೆ? ಅದನ್ನ ಅದಿರಿನಿಂದ ಬಿಡಿಸೋಕೆ ಕೆಜಿಗೆ ಸುಮಾರು 14 ಯೂನಿಟ್ ಕರೆಂಟು ಕುಡಿಸಿರ್ತಾರೆ. ಅದರಿಂದ ನೀವು ವಾಪಸ್ ಪಡೆಯೋದು 3.7. ಕರೆಂಟು ಬೇಡ ಅಂತ ತಾನೇ ಈ ದಾರಿಗೆ ಬಂದಿದ್ದು? ಕರೆಂಟು ಮುಂಚೆಯೇ ಬಂದು ಇಡ್ಲಿ ಪಾತ್ರೆ ಒಳಗೆ ಕೂತಿತ್ತು.

ಉಳಿದ ಶಕ್ತಿ ಎಲ್ಲಿ ಹೋಯ್ತು ಅಂತೀರಾ? ಒಂದಷ್ಟು ಕಾರ್ಖಾನೇಲೇ ಹೋಯ್ತು. ಇನ್ನೊಂದಷ್ಟು ಸಿಲಿಂಡರ್ ಒಳಗೆ ಶಾಖವಾಗಿ ಹೋಗುತ್ತೆ, ಜಲಜನಕದಲ್ಲಿ ಇರೋದಕ್ಕಿಂತ ಕಮ್ಮಿ ಏನಲ್ಲ. ಅದಕ್ಕೇ ಆ ಒದ್ದೆ ಗೋಣಿಚೀಲ. ಕಾದಷ್ಟೂ ಜೋರಾಗಿ ಕುದಿಯುತ್ತೆ, ಕುದ್ದಷ್ಟೂ ಕಾಯುತ್ತೆ. ತುಕ್ಕು ಹಿಡಿದ ಸಿಲಿಂಡರು ತಡ್ಕೊಳ್ಳದೆ ಸಿಡಿದದ್ದು ಪೇಪರಿನಲ್ಲಿ ಆಗಾಗ ಓದ್ತೀವಲ್ಲ. ಇದೊಂದು ಜಾಗದಲ್ಲಿ ನನಗೆ ತಮಾಷೆ ಬರಲ್ಲ. ಸಾಯೋದು ಅವನು, ಇಲ್ಲಾ ಪಕ್ಕದಲ್ಲಿ ನಿಂತ ಮಗು.

ಜಲಜನಕದ ಸ್ವಭಾವವೇ ಹಾಗೆ. ಗಾಳೀಲಿ ನೂರಕ್ಕೆ 4 ಭಾಗ ಬೆರೆತ್ರೂ ಹತ್ತುತ್ತೆ, 75 ಭಾಗ ಬೆರೆತ್ರೂ ಹತ್ತುತ್ತೆ. ನೈಲಾನ್ ಬಟ್ಟೆ ತೆಗೆಯುವಾಗ ಚಟಚಟ ಅನ್ನುತ್ತಲ್ಲ, ಆ ಕಿಡಿ ಸಾಕು. ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೂ ಕಾಣಲ್ಲ. ಅಡುಗೆ ಗ್ಯಾಸಿನ ಹಾಗೆ ವಾಸನೆ ಹೇಳಿ ಎಚ್ಚರಿಸೋ ಒಳ್ಳೇ ಬುದ್ಧಿಯೂ ಇಲ್ಲ. ಹಾಗಾಗಿ ನಿಮ್ಮ ಗ್ಯಾರೇಜಿನಲ್ಲಿ ಡ್ರಮ್ಮು, ಪೈಪು, ಎಂ-ಸೀಲು ಅಂತ ಏನಾದ್ರೂ ಜೋಡಿಸ್ತಾ ಇದ್ರೆ... ಬೇಡ. ಲೋಟ, ಚಮಚ, ಅಲ್ಲಿಗೆ ನಿಲ್ಲಿಸಿ.

ಇನ್ನು ತಳದಲ್ಲಿ ಉಳಿಯೋ ಗಸಿ. ಒಂದು ಲೀಟರ್ ಪೆಟ್ರೋಲಿನ ಬದಲಿಗೆ ಎರಡೂವರೆ ಕೆಜಿ ಕರಗಿಸಿದ್ರೆ ಏಳು ಕೆಜಿ ಬೆಳ್ಳನೆ ಕೆಸರು. ಹೆಸರು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಎಲ್ಲೋ ಕೇಳಿದ ಹಾಗಿದೆಯಾ? ಮದುವೆ ಊಟ ಮಾಡಿ ಬಂದು, ಎದೆ ಉರಿ ಅಂತ ಕುಡೀತೀರಲ್ಲ ಬೆಳ್ಳನೆ ಔಷಧಿ, ಅದರ ಬಾಟ್ಲಿ ಹಿಂದೆ ಓದಿ. ಗ್ಯಾಸ್ ಮಾಡಿದ ಮೇಲೆ ಉಳಿಯೋದು ಗ್ಯಾಸಿಗೆ ಔಷಧಿ! (ಕುಡಿಯೋಕೆ ಹೋಗ್ಬೇಡಿ ಮಾರಾಯ್ರೇ, ಕಾಸ್ಟಿಕ್ ಸೇರಿರುತ್ತೆ, ಕರುಳು ಸುಡುತ್ತೆ.)

ಇಷ್ಟು ಹೇಳಿದ ಮೇಲೂ ನಿಮ್ಮ ಮುಖದಲ್ಲಿ ಆ ಕಳೆ ಹೋಗಿಲ್ಲ. "ಪೂರ್ತಿ ನೀರಲ್ಲಿ ಓಡಿಸೋದು ಬೇಡ ಸಾರ್, ಪೆಟ್ರೋಲ್ ಜೊತೆ ಸ್ವಲ್ಪ ಸೇರಿಸಿದ್ರೆ ಮೈಲೇಜ್ ಬರುತ್ತಂತೆ." ಆಹಾ, ಎಚ್‌ಎಚ್‌ಓ ಕಿಟ್! ಬಾನೆಟ್ ಒಳಗೆ ಉಪ್ಪಿನಕಾಯಿ ಜಾಡಿಯಂಥದ್ದೊಂದು, ಒಳಗೆ ಸ್ಟೀಲ್ ಪ್ಲೇಟು, ಬ್ಯಾಟರಿಯಿಂದ ವೈರು, ಗಾಳಿ ಎಳೆಯೋ ಕಡೆಗೆ ಒಂದು ಟ್ಯೂಬು. ನೋಡೋಕೆ ಬಲು ಚೆಂದ, ಒಳಗೆ ಗುಳ್ಳೆ ಏಳೋದು ಕಾಣುತ್ತೆ. ಗುಳ್ಳೆ ಕಂಡ್ರೆ ಜೇಬು ತಾನಾಗೇ ಬಿಚ್ಕೊಳ್ಳುತ್ತೆ.

ನನ್ನ ಸ್ನೇಹಿತರೊಬ್ಬರು ಹಾಕಿಸಿದ್ರು. (ಹೆಸರು ಬೇಡ, ಅವರೂ ಇದನ್ನ ಓದ್ತಾರೆ.) ಮೊದಲ ವಾರವೇ ಫೋನು. "ಲೀಟರಿಗೆ ಮೂರು ಕಿಲೋಮೀಟರ್ ಜಾಸ್ತಿ ಬಂತು!" ಒಂದು ದಿನ ಅವರ ಜೊತೆ ತುಮಕೂರಿಗೆ ಹೋದೆ. ಯಾವಾಗಲೂ ನೂರರ ಮೇಲೆ ಹೊಡೆಯೋ ಮನುಷ್ಯ ಅವತ್ತು ಅರವತ್ತು ದಾಟಲಿಲ್ಲ. ಏಸಿ ಆಫ್. ಸಿಗ್ನಲ್ ದೂರದಲ್ಲಿ ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯೋರು. ಟೈರಿಗೆ ಹೊಸದಾಗಿ ಗಾಳಿ ಹಿಡಿಸಿದ್ರು.

ಹಾಗೆ ಓಡಿಸಿದ್ರೆ ಜಾಡಿಯಲ್ಲಿ ಮಜ್ಜಿಗೆ ತುಂಬಿಸಿದ್ರೂ ಮೂರು ಕಿಲೋಮೀಟರ್ ಬರುತ್ತೆ! ಹೇಳೋಕೆ ಬಾಯಿ ಬರ್ಲಿಲ್ಲ. ದುಡ್ಡು ಕೊಟ್ಟು ತಂದಿದ್ದು ಕೆಲಸ ಮಾಡ್ತಿಲ್ಲ ಅಂತ ಒಪ್ಕೊಳ್ಳೋ ಧೈರ್ಯ ಯಾರಿಗಿದೆ? ನಿಮ್ಮನೇಲಿ ಬಟ್ಟೆ ಒಣಹಾಕೋ ಟ್ರೆಡ್‌ಮಿಲ್ ಇದೆಯಲ್ಲ, ಅದನ್ನ ಯಾರಾದ್ರೂ ಕೇಳಿದ್ರೆ "ದಿನಾ ಅರ್ಧ ಗಂಟೆ" ಅಂತೀರೋ ಇಲ್ವೋ?

ಆ ಕಿಟ್ಟಿನದೂ ಲೆಕ್ಕ ಹಾಕಿದೀನಿ, ತಡೀರಿ. ಒಳ್ಳೇ ಕಿಟ್ಟು ಅಂತಲೇ ಇಟ್ಕೊಳ್ಳಿ, ಹನ್ನೆರಡು ವೋಲ್ಟಿಗೆ ಇಪ್ಪತ್ತು ಆಂಪಿಯರ್ ಎಳೆಯುತ್ತೆ. ಒಂದು ಗಂಟೆ ಓಡಿದ್ರೆ ಅದು ಕೊಡೋ ಜಲಜನಕ ಸುಮಾರು 17 ಮಿಲಿ ಪೆಟ್ರೋಲಿಗೆ ಸಮ. ಎರಡು ಮುಚ್ಚಳ ಕೆಮ್ಮಿನ ಔಷಧಿ. ಆ ಕರೆಂಟನ್ನ ಹುಟ್ಟಿಸೋಕೆ ಆಲ್ಟರ್ನೇಟರನ್ನ ತಿರುಗಿಸೋದು ಯಾರು? ಇಂಜಿನ್ನು. ಅದಕ್ಕೆ ಖರ್ಚಾಗೋ ಪೆಟ್ರೋಲು ಹೆಚ್ಚುಕಮ್ಮಿ ಒಂದು ಲೋಟ. ಒಂದು ಲೋಟ ಕೊಟ್ಟು ಎರಡು ಮುಚ್ಚಳ ತಗೊಳ್ಳೋ ವ್ಯಾಪಾರ, ಗುಜರಿಯವನ ಹತ್ತಿರ ಮಾಡ್ತೀರಾ?

"ಆದ್ರೂ ಸಾರ್, ಅಮೆರಿಕದಲ್ಲಿ ಒಬ್ಬ..." ಹೂಂ, ಕಾಯ್ತಾ ಇದ್ದೆ. ಸ್ಟ್ಯಾನ್ಲಿ ಮೇಯರ್. ಒಹಾಯೋದವನು. ಬರೀ ನೀರಲ್ಲಿ ಬಗ್ಗಿ ಗಾಡಿ ಓಡಿಸ್ತೀನಿ ಅಂದ, ಟೀವೀಲಿ ಬಂದ. ದುಡ್ಡು ಹಾಕಿದ ಇಬ್ಬರು ಕೋರ್ಟಿಗೆ ಹೋದ್ರು. ತಜ್ಞರು ಅವನ ಡಬ್ಬ ಬಿಚ್ಚಿ ನೋಡಿದ್ರೆ, ಒಳಗೆ ನಾನು ಲೋಟದಲ್ಲಿ ಮಾಡಿದ್ದೇ ವಿದ್ಯೆ. 1996ರಲ್ಲಿ ಕೋರ್ಟು ಇದು ಮೋಸ ಅಂತ ಹೇಳಿ 25,000 ಡಾಲರ್ ವಾಪಸ್ ಕೊಡಿಸ್ತು.

"ಅವನಿಗೆ ವಿಷ ಹಾಕಿ ಕೊಂದ್ರಂತಲ್ಲ? ತೈಲ ಕಂಪನಿಯವರು?" ಧ್ವನಿ ತಗ್ಗಿಸಿ, ಅಕ್ಕಪಕ್ಕ ನೋಡಿ ಕೇಳ್ತೀರಲ್ಲ, ಆ ಧ್ವನಿ ನನಗೆ ಬಲು ಇಷ್ಟ. 1998ರಲ್ಲಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗಲೇ ಕುಸಿದು ಹೋದ, ನಿಜ. ಮೆದುಳಿನ ರಕ್ತನಾಳ ಒಡೆದಿದ್ದು ಅಂತ ಅಲ್ಲಿನ ತನಿಖೆ ಹೇಳ್ತು. ನೀವು ಒಪ್ಪಲ್ಲ. ಒಪ್ಪಿದ್ರೆ ಟೀ ಅಂಗಡೀಲಿ ಹೇಳೋಕೆ ಏನು ಉಳಿಯುತ್ತೆ?

ನಮ್ಮ ಪಕ್ಕದ ಮನೆಯದೇ ಕಥೆ ಬೇಡವಾ? ತಮಿಳುನಾಡಿನ ರಾಮರ್ ಪಿಳ್ಳೈ. 1996ರಲ್ಲಿ ನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ, ಕಲಕಿ, ಪೆಟ್ರೋಲ್ ಮಾಡಿ ತೋರಿಸಿದ. ದೇಶಕ್ಕೆ ದೇಶವೇ ಬಾಯಿ ಬಿಟ್ಕೊಂಡು ನೋಡ್ತು. ಕಲಕೋ ಕೋಲು ಪೊಳ್ಳು, ಅದರೊಳಗೇ ಎಣ್ಣೆ ತುಂಬಿತ್ತು ಅಂತ ವಿಜ್ಞಾನಿಗಳು ಹೇಳಿದ್ರು. 2016ರಲ್ಲಿ ಚೆನ್ನೈ ಕೋರ್ಟು ಮೂರು ವರ್ಷ ಶಿಕ್ಷೆ ಕೊಡ್ತು. ಆ ಇಪ್ಪತ್ತು ವರ್ಷ ನೀವು ಯಾರ ಕಡೆ ಇದ್ರಿ? ನಿಜ ಹೇಳಿ. "ಪಾಪ, ಹಳ್ಳಿಯವನು ಅಂತ ತುಳಿದುಬಿಟ್ರು" ಅಂದಿರ್ತೀರ. ನಾನಂತೂ ಅಂದಿದ್ದೆ.

ಸರಕಾರವೂ ಜಲಜನಕದ ಹಿಂದೆ ಬಿದ್ದಿದೆಯಲ್ಲ ಅಂತೀರ. ಬಿದ್ದಿದೆ. 2023ರ ಜನವರಿಯಲ್ಲಿ ಹಸಿರು ಜಲಜನಕದ ಮಿಷನ್ನಿಗೆ 19,744 ಕೋಟಿ ಒಪ್ಪಿಗೆ ಆಯ್ತು. ಅವರು ಬೂದಿಯನ್ನ ಮತ್ತೆ ಸೌದೆ ಮಾಡೋಕೆ ಬಿಸಿಲು, ಗಾಳಿಯ ಕರೆಂಟು ಹಾಕ್ತಾರೆ. ಸೌದೆಗೆ ದುಡ್ಡು ಬೀಳುತ್ತೆ ಅಂತ ಒಪ್ಕೊಂಡೇ ಕೂತಿದಾರೆ. ನಿಮಗೆ ಆ ಷರತ್ತೇ ಆಗಿಬರಲ್ಲ. ನಿಮಗೆ ಬೇಕಾಗಿರೋದು ಬಿಟ್ಟಿ ಸೌದೆ.

ಅದಕ್ಕೇ ನಿಮ್ಮ ಮೇಲೆ ನನಗೆ ಪ್ರೀತಿ. ಈಗ ಇದನ್ನ ಮುಚ್ಚಿಟ್ಟು ಏನು ಮಾಡ್ತೀರ ಹೇಳ್ಲಾ? ಮೊದಲು ಆ ವಿಡಿಯೋ ಇನ್ನೊಂದು ಸಲ ನೋಡ್ತೀರ. ಆಮೇಲೆ ಹಳೇ ವೈರು, ಸತ್ತ ರಿಮೋಟು, ಬೀಗ ಇಲ್ಲದ ಬೀಗದಕೈ ತುಂಬಿರೋ ಆ ಡ್ರಾಯರ್ ಎಳೀತೀರ. ಲೆಕ್ಕ ಎಲ್ಲಾ ಅರ್ಥ ಆಗಿದೆ. ಆದ್ರೂ ಆ ಟಪ್ ಒಂದು ಸಲ ಕಿವಿಯಾರೆ ಕೇಳ್ಬೇಕು, ಅಲ್ವಾ?

ಬನ್ನಿ ಭಾನುವಾರ, ನಮ್ಮನೆಗೇ ಬನ್ನಿ. ಮನೆಯವರು ಇನ್ನೊಂದು ಮದುವೆಗೆ ಹೊರಟಿದಾರೆ. ಚಾರ್ಜರ್ ನನ್ನ ಹತ್ತಿರ ಇದೆ, ಬೋರ್ ನೀರೂ ಇದೆ. ಈ ಸಲ ಉಪ್ಪು ಬೇಡ, ಕಿಟಕಿ ಮೊದಲೇ ತೆಗೆದಿಡೋಣ. ಚಮಚ ಮಾತ್ರ ನಿಮ್ಮನೇದು ತನ್ನಿ.